ಮುಟ್ಟು, ಹೆರಿಗೆ ಮತ್ತು ಮನಸ್ಸಿನ ಕಾಯಿಲೆ: ನಂಟು ಎಲ್ಲಿ ಗಟ್ಟಿ, ಎಲ್ಲಿ ಸಡಿಲ?

ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಅಲ್ಲಿಂದ ಶುರುವಾದ ಚರ್ಚೆ ಹೊಟ್ಟೆನೋವು, ಸುಸ್ತಿನ ಬಳಿ ನಿಲ್ಲದೆ ಮನಸ್ಸಿನವರೆಗೂ ಹೋಯಿತು. ‘ಆ ದಿನಗಳಲ್ಲಿ ಹೆಂಗಸರ ತಲೆ ನೆಟ್ಟಗಿರಲ್ಲ’ ಎಂಬ ಹಳೇ ಮಾತಿಗೆ ಮತ್ತೆ ಜೀವ ಬಂತು. ‘ಮುಟ್ಟಿಗೂ ಮನಸ್ಸಿಗೂ ಸಂಬಂಧವೇ ಇಲ್ಲ, ಅದೆಲ್ಲ ಹೆಣ್ಣನ್ನು ಕೀಳು ಮಾಡುವ ಕತೆ’ ಎಂಬ ಎದುರು ವಾದವೂ ಅಷ್ಟೇ ಜೋರಾಗಿ ಎದ್ದಿತು. ಇದರ ನಡುವೆ, ಹಾರ್ಮೋನಿನ ಪಟ್ಟಿ ಅಂಟಿಸಿಕೊಂಡರೆ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ತಗ್ಗುತ್ತದೆ ಎನ್ನುವ ವಿದೇಶಿ ಸಂಶೋಧನೆಗಳ ತುಣುಕುಗಳೂ ಮೊಬೈಲಿಗೆ ಬಂದು ಬೀಳುತ್ತಿವೆ.

ಮನೆಯಲ್ಲಿ ಕಾಯಿಲೆಯಿರುವ ಮಗಳನ್ನೋ ಸೊಸೆಯನ್ನೋ ನೋಡಿಕೊಳ್ಳುತ್ತಿರುವ ದಾವಣಗೆರೆ, ಚಿತ್ರದುರ್ಗದ ಕುಟುಂಬಗಳಿಗೆ ಇದರಿಂದ ಗೊಂದಲವಾಗುವುದು ಸಹಜ. ಮುಟ್ಟು ಸರಿಹೋದರೆ ಕಾಯಿಲೆ ಹೋಗುತ್ತದೆಯೇ? ಗುಳಿಗೆ ನುಂಗಿ ಮುಟ್ಟು ನಿಂತರೆ ಕಾಯಿಲೆ ಏರುತ್ತದೆಯೇ? ಗರ್ಭಕೋಶ ತೆಗೆಸಿದರೆ ತಲೆ ಕೆಡುತ್ತದೆಯೇ?

ಸಂಬಂಧ ಖಂಡಿತ ಇದೆ. ಆದರೆ ಅದು ಎಲ್ಲ ಕಡೆ ಒಂದೇ ಬಲದ್ದಲ್ಲ. ಮೈನೆರೆಯುವ ವಯಸ್ಸಿನ ಬಗ್ಗೆ ಇರುವ ಪುರಾವೆ ತೀರಾ ತೆಳು. ಹೆರಿಗೆಯಾದ ಮೇಲಿನ ಎರಡು ವಾರಗಳ ಬಗ್ಗೆ ಇರುವ ಪುರಾವೆ ಬಲು ಗಟ್ಟಿ. ನಮ್ಮಲ್ಲಿ ಮಾತೆಲ್ಲ ನಡೆಯುವುದು ತೆಳುವಾದ ಕಡೆ. ಮನೆಯವರೂ ಆಸ್ಪತ್ರೆಯವರೂ ಸಿದ್ಧವಾಗಿರಬೇಕಾದದ್ದು ಗಟ್ಟಿಯಾದ ಕಡೆ. ಅದಕ್ಕೇ ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಬೇಕು.

ಯಾವ ಕಾಯಿಲೆಯ ಮಾತು ಇದು

ಸೈಕೋಸಿಸ್ ಎಂದರೆ ಮನಸ್ಸಿಗೆ ವಾಸ್ತವದ ಹಿಡಿತ ತಪ್ಪುವ ಸ್ಥಿತಿ. ಯಾರೂ ಇಲ್ಲದಾಗ ದನಿ ಕೇಳಿಸುತ್ತದೆ. ಅನ್ನದಲ್ಲಿ ಯಾರೋ ಮದ್ದು ಹಾಕಿದ್ದಾರೆ, ನೆರೆಮನೆಯವರು ತನ್ನನ್ನೇ ಕಾಯುತ್ತಿದ್ದಾರೆ ಎಂಬ ನಂಬಿಕೆ ಬೇರೂರುತ್ತದೆ. ಎಷ್ಟು ಸಮಾಧಾನ ಹೇಳಿದರೂ ಅಲುಗುವುದಿಲ್ಲ. ಮಾತಿಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ. ಸ್ಕಿಜೋಫ್ರೀನಿಯಾದಲ್ಲಿ, ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ತೂಗಾಡುವ ಬೈಪೋಲಾರ್ ಕಾಯಿಲೆಯ ಉನ್ಮಾದದಲ್ಲಿ, ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ ಸ್ಥಿತಿಯಲ್ಲಿ ಇದನ್ನು ಕಾಣಬಹುದು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 1.4ರಷ್ಟು ಮಂದಿಗೆ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಈ ಗುಂಪಿನ ಕಾಯಿಲೆ ಬಂದಿರುತ್ತದೆ.

ಮುಟ್ಟಿನ ಮುಂಚೆ ಸಿಡುಕು ಬರುವುದು, ಅಳು ಬರುವುದು ಈ ಪಟ್ಟಿಗೆ ಸೇರುವುದಿಲ್ಲ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದರಿಂದಲೇ ಅರ್ಧ ಗೊಂದಲ ಹುಟ್ಟಿದೆ.

ಜರ್ಮನಿಯ ಲೆಕ್ಕ, ತೀರ್ಥಹಳ್ಳಿಯ ಲೆಕ್ಕ

ಹೆಣ್ಣಿನ ಹಾರ್ಮೋನಿಗೂ ಸೈಕೋಸಿಸ್‌ಗೂ ನಂಟಿದೆ ಎಂಬ ಅನುಮಾನ ಬಲವಾದದ್ದು ವಯಸ್ಸಿನ ಲೆಕ್ಕದಿಂದ. ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಹೈಂಜ್ ಹೆಫ್ನರ್ ಮತ್ತವರ ಸಂಗಡಿಗರು ಸ್ಕಿಜೋಫ್ರೀನಿಯಾ ಯಾರಿಗೆ ಯಾವಾಗ ಶುರುವಾಗುತ್ತದೆ ಎಂದು ಬಲು ಜತನದಿಂದ ಲೆಕ್ಕ ಹಾಕಿದರು. ಗಂಡಸರಿಗಿಂತ ಹೆಂಗಸರಲ್ಲಿ ಕಾಯಿಲೆ ಸರಾಸರಿ ಮೂರ್ನಾಲ್ಕು ವರ್ಷ ತಡವಾಗಿ ಶುರುವಾಗುತ್ತದೆ ಎಂಬುದು ಅವರಿಗೆ ಕಂಡಿತು. ಜೊತೆಗೆ ನಲವತ್ತೈದರ ಆಸುಪಾಸಿನಲ್ಲಿ, ಅಂದರೆ ಮುಟ್ಟು ನಿಲ್ಲುವ ಕಾಲಕ್ಕೆ, ಹೆಂಗಸರಲ್ಲಿ ಮಾತ್ರ ಹೊಸ ರೋಗಿಗಳ ಸಂಖ್ಯೆ ಮತ್ತೊಮ್ಮೆ ಸ್ವಲ್ಪ ಏರುತ್ತಿತ್ತು. ಹೆಣ್ಣಿನ ಮುಖ್ಯ ಹಾರ್ಮೋನಾದ ಈಸ್ಟ್ರೊಜೆನ್ ಇರುವಷ್ಟು ದಿನ ಅದು ಮಿದುಳನ್ನು ಕಾಯುತ್ತದೆ, ಅದು ಇಳಿದಾಗ ಕಾವಲು ಸಡಿಲವಾಗುತ್ತದೆ ಎಂಬ ವಾದಕ್ಕೆ ಇದು ಆಧಾರವಾಯಿತು.

ಆದರೆ ಇದೇ ಲೆಕ್ಕವನ್ನು ನಮ್ಮ ನೆಲದಲ್ಲಿ ಹಾಕಿದಾಗ ಉತ್ತರ ಬೇರೆ ಬಂತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಣ್ಣು ಗಂಡಿನ ನಡುವೆ ಕಾಯಿಲೆ ಶುರುವಾಗುವ ವಯಸ್ಸಿನಲ್ಲಿ ಆ ಅಂತರ ಕಾಣಲಿಲ್ಲ. ಆಸ್ಪತ್ರೆಗೆ ಬಂದವರನ್ನಷ್ಟೇ ನೋಡಿದ್ದರಿಂದ ಹೀಗಾಯಿತೇನೋ ಎಂಬ ಅನುಮಾನ ಉಳಿಯಿತು. 2008ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಸಮುದಾಯದಲ್ಲೇ ಗುರುತಿಸಿದ ರೋಗಿಗಳ ಲೆಕ್ಕ ಪ್ರಕಟವಾಯಿತು. ಅಲ್ಲೂ ಹೆಂಗಸರಿಗೆ ತಡವಾಗಿ ಬರುತ್ತದೆ ಎಂಬುದು ಸಾಬೀತಾಗಲಿಲ್ಲ. ಯಾಕೆ ಎಂಬುದರ ಬಗ್ಗೆ ಒಮ್ಮತವಿಲ್ಲ. ಯುರೋಪಿನ ಹೆಣ್ಣಿನ ದೇಹದಲ್ಲಿ ಕೆಲಸ ಮಾಡುವ ಹಾರ್ಮೋನು ಮಲೆನಾಡಿನ ಹೆಣ್ಣಿನ ದೇಹದಲ್ಲೂ ಅದೇ ಕೆಲಸ ಮಾಡುತ್ತದೆ. ಆದರೂ ಫಲಿತಾಂಶ ಬೇರೆ ಎಂದರೆ ಹಾರ್ಮೋನಿನ ಆಚೆಗೆ ಬೇರೆ ಸಂಗತಿಗಳ ಕೈವಾಡವೂ ಇದೆ ಎಂದಾಯಿತು.

ಬೇಗ ಮೈನೆರೆದವರಿಗೆ ಕಾಯಿಲೆ ತಡವಾಗಿ ಬರುತ್ತದೆ ಎಂದು 1990ರ ದಶಕದ ಕೊನೆಯಲ್ಲಿ ಒಂದು ಸಣ್ಣ ಅಧ್ಯಯನ ಹೇಳಿತ್ತು. ಆಮೇಲೆ ಬೇರೆಯವರು ಹುಡುಕಿದಾಗ ಅದು ಅಷ್ಟು ಸಲೀಸಾಗಿ ಸಿಗಲಿಲ್ಲ. ಮಗಳು ಯಾವ ವಯಸ್ಸಿಗೆ ದೊಡ್ಡವಳಾದಳು ಎಂಬುದನ್ನು ಹಿಡಿದು ಅವಳ ಮನಸ್ಸಿನ ಭವಿಷ್ಯ ಹೇಳಲು ಆಗುವುದಿಲ್ಲ.

ಈಸ್ಟ್ರೊಜೆನ್ ಇಳಿದಾಗ ಆಗುವುದೇನು

ಮಿದುಳಿನ ಡೋಪಮೈನ್ ಎಂಬ ರಾಸಾಯನಿಕದ ಹರಿವು ಹದ ಮೀರಿದಾಗ ಇಲ್ಲದ ದನಿ, ಇಲ್ಲದ ಅನುಮಾನಗಳು ಹುಟ್ಟುತ್ತವೆ. ಸೈಕೋಸಿಸ್‌ಗೆ ಕೊಡುವ ಹೆಚ್ಚಿನ ಗುಳಿಗೆಗಳು ಕೆಲಸ ಮಾಡುವುದು ಈ ಡೋಪಮೈನ್ ಮೇಲೆಯೇ. ಈಸ್ಟ್ರೊಜೆನ್ ಕೂಡ ಡೋಪಮೈನ್ ಮತ್ತು ಸೆರೊಟೋನಿನ್ ವ್ಯವಸ್ಥೆಗಳ ಮೇಲೆ ಪ್ರಭಾವ ಬೀರುತ್ತದೆ. ಹಾಗಾಗಿ ಅದರ ಮಟ್ಟ ಇಳಿಯುವ ಮೂರು ಸಂದರ್ಭಗಳ ಮೇಲೆ ವೈದ್ಯರ ಕಣ್ಣಿದೆ: ಮುಟ್ಟಿನ ಹಿಂದುಮುಂದಿನ ದಿನಗಳು, ಹೆರಿಗೆಯ ನಂತರ, ಮುಟ್ಟು ನಿಲ್ಲುವ ಕಾಲ.

ಇಲ್ಲೊಂದು ಎಚ್ಚರ ಬೇಕು. ಮಾರಿಕಣಿವೆ ಜಲಾಶಯದಲ್ಲಿ ನೀರು ಇಳಿದಾಗ ಮುಳುಗಿದ್ದ ಬಂಡೆಗಳು ಮೇಲೆ ಕಾಣುತ್ತವೆ. ನೀರು ಇಳಿದದ್ದಕ್ಕೆ ಬಂಡೆ ಹುಟ್ಟಿತು ಎಂದು ಯಾರೂ ಹೇಳುವುದಿಲ್ಲ. ಈಸ್ಟ್ರೊಜೆನ್ ಪ್ರತಿ ಹೆಣ್ಣಿನಲ್ಲೂ ತಿಂಗಳು ತಿಂಗಳು ಏರಿಳಿಯುತ್ತದೆ, ಪ್ರತಿ ಬಾಣಂತಿಯಲ್ಲೂ ಧುತ್ತನೆ ಕುಸಿಯುತ್ತದೆ. ಆದರೂ ಸೈಕೋಸಿಸ್ ಬರುವುದು ಕೆಲವೇ ಕೆಲವರಿಗೆ. ವಂಶದಿಂದ ಬಂದ ಒಲವು ಮೊದಲೇ ಇರುತ್ತದೆ. ಅದು ಯಾವಾಗ ಹೊರಗೆ ಕಾಣುತ್ತದೆ ಎಂಬುದನ್ನು ಹಾರ್ಮೋನಿನ ಏರಿಳಿತ ಒಂದಿಷ್ಟು ಮಟ್ಟಿಗೆ ನಿರ್ಧರಿಸುತ್ತದೆ.

ತಿಂಗಳ ಲಯ

2020ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ ಮಹಿಳೆಯರು ಮಾನಸಿಕ ಕಾಯಿಲೆಗೆ ಆಸ್ಪತ್ರೆ ಸೇರುವ ಪ್ರಮಾಣ ನಿರೀಕ್ಷೆಗಿಂತ ಸುಮಾರು ಒಂದೂವರೆ ಪಟ್ಟು ಇದ್ದದ್ದು ಕಂಡಿತು. ಇದು ಕಾಯಿಲೆ ಇರುವವರ ಲೆಕ್ಕ. ಆರೋಗ್ಯವಾಗಿರುವ ಕೋಟ್ಯಂತರ ಹೆಂಗಸರ ಬುದ್ಧಿಯನ್ನು ಇದರಿಂದ ಅಳೆಯಲು ಹೊರಡುವುದು ತಪ್ಪು, ಅನ್ಯಾಯ ಕೂಡ. ರಜೆಯ ಚರ್ಚೆಯಲ್ಲಿ ಆದದ್ದು ಅದೇ.

ಮುಟ್ಟಿನ ಲಯಕ್ಕೆ ಸರಿಯಾಗಿ ಪ್ರತಿ ತಿಂಗಳೂ ಸೈಕೋಸಿಸ್ ಬಂದು, ಮುಟ್ಟು ಕಳೆದೊಡನೆ ಪೂರ್ತಿ ಗುಣವಾಗುವ ಸ್ಥಿತಿಯೂ ವೈದ್ಯಕೀಯ ದಾಖಲೆಯಲ್ಲಿದೆ. ಬ್ರಿಟನ್ನಿನ ಮನೋವೈದ್ಯ ಇಯಾನ್ ಬ್ರಾಕಿಂಗ್‌ಟನ್ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ ಇಂಥ ಪ್ರಕರಣಗಳನ್ನು ಕಲೆಹಾಕಿದ್ದಾರೆ. ಅದು ಬಹಳ ಅಪರೂಪ. ಮೈನೆರೆದ ಹೊಸದರಲ್ಲಿ ಮತ್ತು ಹೆರಿಗೆಯ ನಂತರ ಕಂಡದ್ದು ಹೆಚ್ಚು, ಬೈಪೋಲಾರ್ ಕಾಯಿಲೆಯ ಜೊತೆ ಅದರ ಸಂಬಂಧ ಹತ್ತಿರದ್ದು.

ಅಪರೂಪ ಎಂದು ಬಿಡುವಂತೆಯೂ ಇಲ್ಲ. ಹುಡುಗಿ ತಿಂಗಳಿಗೊಮ್ಮೆ ನಾಲ್ಕು ದಿನ ನಿದ್ದೆಯಿಲ್ಲದೆ ತನ್ನಷ್ಟಕ್ಕೆ ಮಾತಾಡಿ ಆಮೇಲೆ ಏನೂ ಆಗದವಳಂತೆ ಇದ್ದರೆ, ‘ಮೈಮೇಲೆ ಬರುತ್ತೆ, ಅಮಾವಾಸ್ಯೆ ಹುಣ್ಣಿಮೆಗೆ ಹೀಗಾಗುತ್ತೆ’ ಎಂದು ತಾಯತದ ಕಡೆ ಹೋಗುವ ಮನೆಗಳೇ ಹೆಚ್ಚು. ಅಲ್ಲೊಂದು ಸರಳ ಕೆಲಸವಿದೆ. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು ಬರೆಯುವ ಕಡೆಯೇ ಮುಟ್ಟು ಶುರುವಾದ ದಿನಕ್ಕೆ ಒಂದು ಗುರುತು, ರಾತ್ರಿ ನಿದ್ದೆಗೆಟ್ಟ ದಿನಕ್ಕೆ ಇನ್ನೊಂದು ಗುರುತು ಹಾಕಬೇಕು. ಮೂರು ತಿಂಗಳ ಮೂರು ಹಾಳೆ ವೈದ್ಯರ ಮುಂದಿಟ್ಟರೆ, ಅದು ಮುಟ್ಟಿನ ಲಯವೋ ಅಮಾವಾಸ್ಯೆಯ ಲಯವೋ ಅಥವಾ ಯಾವ ಲಯವೂ ಇಲ್ಲವೋ ಎಂಬುದು ಅಲ್ಲೇ ಕಾಣುತ್ತದೆ.

ಹೆರಿಗೆಯ ನಂತರದ ಎರಡು ವಾರ

ನಂಟು ಅತ್ಯಂತ ಗಟ್ಟಿ ಇರುವುದು ಇಲ್ಲಿ. 1858ರಲ್ಲೇ ಫ್ರಾನ್ಸಿನ ಲೂಯಿ ವಿಕ್ಟರ್ ಮಾರ್ಸೆ ಬಸುರಿ, ಬಾಣಂತಿಯರ ಮಾನಸಿಕ ಕಾಯಿಲೆಗಳ ಬಗ್ಗೆ ವಿಸ್ತಾರವಾಗಿ ಬರೆದಿದ್ದ. 1987ರಲ್ಲಿ ಎಡಿನ್‌ಬರೋದ ದಾಖಲೆಗಳನ್ನು ತೆಗೆದು ನೋಡಿದ ರಾಬರ್ಟ್ ಕೆಂಡಲ್ ಮತ್ತು ಸಂಗಡಿಗರಿಗೆ, ಹೆರಿಗೆಯಾದ ಮೊದಲ 30 ದಿನಗಳಲ್ಲಿ ಸೈಕೋಸಿಸ್‌ನಿಂದ ಆಸ್ಪತ್ರೆ ಸೇರುವ ಸಂಭವ ಬಸುರಿಗೆ ಮುಂಚಿನ ದಿನಗಳಿಗಿಂತ 20 ಪಟ್ಟಿಗೂ ಹೆಚ್ಚು ಎಂದು ಕಂಡಿತು. ಹೆಣ್ಣಿನ ಬದುಕಿನ ಬೇರೆ ಯಾವ ತಿಂಗಳಿಗೂ ಇಂಥ ಅಂಕಿ ಇಲ್ಲ.

ಸಾವಿರ ಹೆರಿಗೆಗಳಲ್ಲಿ ಒಂದೋ ಎರಡೋ ತಾಯಂದಿರಿಗೆ ಬಾಣಂತಿ ಸನ್ನಿ ಬರುತ್ತದೆ. ಸಾಮಾನ್ಯವಾಗಿ ಶುರುವಾಗುವುದು ಮೊದಲ ಎರಡು ವಾರಗಳಲ್ಲಿ. ಮೊದಲ ಸೂಚನೆ ನಿದ್ದೆ. ಮಗು ಮಲಗಿದರೂ ತಾಯಿಗೆ ನಿದ್ದೆ ಬರುವುದಿಲ್ಲ, ಬಾರದ್ದಕ್ಕೆ ಸುಸ್ತೂ ಕಾಣುವುದಿಲ್ಲ. ಆಮೇಲೆ ಚಡಪಡಿಕೆ, ದಿಗಿಲು, ‘ಈ ಮಗು ನಂದಲ್ಲ’, ‘ಮಗುವನ್ನು ಯಾರೋ ಒಯ್ಯಲು ಬಂದಿದ್ದಾರೆ’ ಎಂಬ ಮಾತುಗಳು. ಬೆಳಿಗ್ಗೆ ಸರಿಯಿದ್ದವಳು ಸಂಜೆಗೆ ಬೇರೆಯೇ ಆಗಿರಬಹುದು. ಬೆಳಗಿನ ಸ್ಥಿತಿ ನೋಡಿ ‘ಈಗ ಪರವಾಗಿಲ್ಲ’ ಎಂದು ಮನೆಯವರು ನಿರಾಳವಾಗುವುದೇ ಇದರ ದೊಡ್ಡ ಅಪಾಯ. ತಾಯಿ ತನ್ನ ಜೀವಕ್ಕೋ ಮಗುವಿನ ಜೀವಕ್ಕೋ ಕುತ್ತು ತಂದುಕೊಳ್ಳುವ ಸಾಧ್ಯತೆ ಇರುವುದರಿಂದ ಇದನ್ನು ಹೃದಯಾಘಾತದಷ್ಟೇ ತುರ್ತೆಂದು ನೋಡಬೇಕು. ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಮನಸ್ಸಿನ ತೀವ್ರ ಕಾಯಿಲೆಗಳಲ್ಲಿ ಇಷ್ಟು ಚೆನ್ನಾಗಿ ಗುಣವಾಗುವವು ಕಡಿಮೆ.

ಯಾರಿಗೆ ಬರುತ್ತದೆ? ಬೈಪೋಲಾರ್ ಕಾಯಿಲೆ ಇರುವ ಮಹಿಳೆಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ. ಹಿಂದಿನ ಬಾಣಂತನದಲ್ಲಿ ಒಮ್ಮೆ ಬಂದಿದ್ದರೆ ಇನ್ನೂ ಹೆಚ್ಚು. ಅಮ್ಮನಿಗೋ ಅಕ್ಕನಿಗೋ ಬಂದಿದ್ದರೂ ಎಚ್ಚರ ಬೇಕು. ಚೊಚ್ಚಲ ಹೆರಿಗೆಯಲ್ಲಿ ಸಾಧ್ಯತೆ ಜಾಸ್ತಿ. ಆದರೆ ಹಿಂದೆ ಏನೂ ಇಲ್ಲದವರಿಗೂ ಬರಬಹುದು.

ಈಸ್ಟ್ರೊಜೆನ್ ಕುಸಿತವೇ ಕಾರಣವಾದರೆ ಹೆರಿಗೆಯಾದೊಡನೆ ಈಸ್ಟ್ರೊಜೆನ್ ಕೊಟ್ಟು ತಡೆಯಬಹುದಲ್ಲ ಎಂದು ಲಂಡನ್ನಿನಲ್ಲಿದ್ದ ಭಾರತ ಮೂಲದ ಮನೋವೈದ್ಯ ಚನ್ನಿ ಕುಮಾರ್ ಮತ್ತು ಸಂಗಡಿಗರು ಪ್ರಯತ್ನಿಸಿದರು. 2003ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅದು ಕಾಯಿಲೆ ಮರುಕಳಿಸುವುದನ್ನು ತಡೆಯಲಿಲ್ಲ. ಹಾರ್ಮೋನಿನ ಜೊತೆ ನಿದ್ದೆಗೇಡು, ದೇಹದ ರೋಗನಿರೋಧಕ ವ್ಯವಸ್ಥೆಯ ಏರುಪೇರು, ಥೈರಾಯ್ಡ್ ಎಲ್ಲವೂ ಇಲ್ಲಿ ಸೇರಿಕೊಂಡಿವೆ ಎಂಬುದು ಈಗಿನ ತಿಳಿವಳಿಕೆ.

ಸನ್ನಿಯಂತೆ ಕಂಡರೂ ಬೇರೆಯದಾಗಿರಬಹುದು

ಬಾಣಂತಿ ಬಡಬಡಿಸಿದರೆ ಎಲ್ಲವೂ ಮನೋವೈದ್ಯರ ಕಾಯಿಲೆಯಲ್ಲ. ಸೋಂಕು ನೆತ್ತರಿಗೆ ಹರಡಿ ಜ್ವರ ಏರಿದಾಗ, ರಕ್ತದೊತ್ತಡ ಹೆಚ್ಚಿ ನಂಜಾದಾಗ ಹೀಗಾಗುತ್ತದೆ. ನಮ್ಮ ದೇಶದಲ್ಲಿ ಮುಖ್ಯವಾಗಿ ನೆನಪಿಡಬೇಕಾದ್ದು ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು. ಹೆರಿಗೆಯ ಹೊತ್ತಿಗೆ ಹೆಣ್ಣಿನ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ‘ಹಸಿ ಬಾಣಂತಿ ನೀರು ಕುಡಿಯಬಾರದು, ಮೈ ಊದುತ್ತೆ’ ಎಂದು ನೀರು ಕಡಿಮೆ ಕೊಟ್ಟರೆ ರಕ್ತ ಇನ್ನಷ್ಟು ಮಂದವಾಗುತ್ತದೆ. ಮಿದುಳಿನ ಅಭಿಧಮನಿ ಕಟ್ಟಿಕೊಂಡಾಗ ತಡೆಯಲಾಗದ ತಲೆನೋವು, ವಾಂತಿ, ಫಿಟ್ಸ್, ಮಂಕು, ಅಸಂಬದ್ಧ ಮಾತು ಶುರುವಾಗುತ್ತವೆ. ಆಗ ಬೇಕಾದದ್ದು ಸ್ಕ್ಯಾನ್ ಮತ್ತು ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧಿ. ನಿಂಬೆಹಣ್ಣು ಇಳಿ ತೆಗೆಯುವುದರಲ್ಲಿ ಕಳೆದ ಪ್ರತಿ ಗಂಟೆಯೂ ಜೀವಕ್ಕೆ ದುಬಾರಿ. ಬಾಣಂತನದಲ್ಲಿ ಬೆಚ್ಚಗಿಡುವುದು, ಎಣ್ಣೆನೀರು, ವಿಶ್ರಾಂತಿ ಎಲ್ಲಕ್ಕೂ ಅರ್ಥವಿದೆ. ನೀರು ತಡೆಯುವುದಕ್ಕೆ ಮಾತ್ರ ಯಾವ ಅರ್ಥವೂ ಇಲ್ಲ.

ದುಗ್ಗಮ್ಮನ ಜಾತ್ರೆಗೋ ಮನೆಯ ಮದುವೆಗೋ ಮುಟ್ಟು ಮುಂದೂಡಲು ಅಂಗಡಿಯಲ್ಲಿ ಕೇಳಿ ತಂದು ನುಂಗುವ ಗುಳಿಗೆಗಳ ವಿಚಾರದಲ್ಲೂ ಇದೇ ಹೆಪ್ಪಿನ ಎಚ್ಚರ ಬೇಕು. ವೈದ್ಯರನ್ನು ಕೇಳದೆ ಅವನ್ನು ತೆಗೆದುಕೊಳ್ಳಬಾರದು.

ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದವರಿಗೆ ಪಿಟ್ಯುಟರಿ ಗ್ರಂಥಿ ಬಾಡಿ, ಎದೆಹಾಲು ಬಾರದೆ, ಮುಟ್ಟು ಮರಳದೆ, ವರ್ಷಗಳ ನಂತರ ಸೈಕೋಸಿಸ್ ಕಾಣಿಸುವುದೂ ಉಂಟು. ಅದಕ್ಕೆ ಮದ್ದು ಕೊರತೆಯಾದ ಹಾರ್ಮೋನುಗಳು. ಇನ್ನೂ ಒಂದು ಇದೆ. ಹರೆಯದ ಹುಡುಗಿಯರ ಅಂಡಾಶಯದಲ್ಲಿ ಬೆಳೆಯುವ ಒಂದು ಬಗೆಯ ಗಡ್ಡೆಯ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು ಮಿದುಳಿನ ಮೇಲೆಯೇ ತಿರುಗಿ ಬೀಳುತ್ತವೆ. ಕೆಲವೇ ದಿನಗಳಲ್ಲಿ ಅವಳು ಗುರುತು ಸಿಗದಂತೆ ಬದಲಾಗಿ, ಬಾಯಿ ಕೈ ವಿಚಿತ್ರವಾಗಿ ಆಡಿಸಿ, ಫಿಟ್ಸ್ ಬಂದು ಮರಗಟ್ಟುತ್ತಾಳೆ. 2007ರಲ್ಲಿ ಯೋಸೆಪ್ ದಾಲ್ಮೌ ಮತ್ತು ಸಂಗಡಿಗರು ಇದರ ಗುಟ್ಟು ಬಿಡಿಸಿದರು. ಗಡ್ಡೆ ತೆಗೆದು ಪ್ರತಿಕಾಯ ತಗ್ಗಿಸಿದರೆ ಬಹುಪಾಲು ಮಂದಿ ಚೇತರಿಸಿಕೊಳ್ಳುತ್ತಾರೆ. ಗಾಳಿ ಸೋಕಿದೆ ಎಂದು ಕೈಬಿಟ್ಟ ಹುಡುಗಿಯರಲ್ಲಿ ಇಂಥವರು ಎಷ್ಟು ಮಂದಿ ಇದ್ದರೋ ಎಂಬ ಯೋಚನೆ ಸಂಕಟ ತರುತ್ತದೆ.

ಆಸ್ಪತ್ರೆ ಬಿಟ್ಟ ಮೇಲೆ ಶುರುವಾಗುವ ಕಾಯಿಲೆ

ಹೆರಿಗೆಗಳು ಈಗ ಬಹುಪಾಲು ಆಸ್ಪತ್ರೆಯಲ್ಲೇ ಆಗುತ್ತವೆ. ಸಹಜ ಹೆರಿಗೆಯಾದರೆ ಎರಡು ದಿನಕ್ಕೆ ಮನೆಗೆ ಕಳಿಸುತ್ತಾರೆ. ಸನ್ನಿ ಶುರುವಾಗುವುದು ಬಹುತೇಕ ಅದರ ನಂತರವೇ. ಅಂದರೆ ವೈದ್ಯರ ಕಣ್ಣಿನಿಂದ ತಾಯಿ ದೂರವಾದ ಹೊತ್ತಿಗೆ ಕಾಯಿಲೆ ಬರುತ್ತದೆ.

ಇದರ ಜೊತೆ ತವರಿನ ಬಾಣಂತನ ಸೇರುತ್ತದೆ. ದಾವಣಗೆರೆಗೆ ಮದುವೆಯಾಗಿ ಬಂದು ಅಲ್ಲಿ ಬೈಪೋಲಾರ್‌ಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದವಳು ಹೆರಿಗೆಗೆ ಚಳ್ಳಕೆರೆಯ ಕಡೆಯ ತವರಿಗೆ ಹೋದಳು ಎಂದಿಟ್ಟುಕೊಳ್ಳಿ. ಬಸುರಿಯೆಂದು ಗುಳಿಗೆ ಬಿಡಿಸಿರುತ್ತಾರೆ, ಅದೂ ಎಷ್ಟೋ ಸಲ ವೈದ್ಯರನ್ನು ಕೇಳದೆ. ಮನೋವೈದ್ಯರ ಚೀಟಿ ಗಂಡನ ಮನೆಯ ಬೀರುವಿನಲ್ಲಿ ಉಳಿದಿರುತ್ತದೆ. ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು, ತೂಕ, ಬಿಪಿ ಇದೆ. ಅವಳಿಗೆ ಹಿಂದೆ ಉನ್ಮಾದ ಬಂದಿತ್ತು ಎಂಬುದನ್ನು ಮದುವೆಯ ಹೊತ್ತಿನಲ್ಲಿ ಮುಚ್ಚಿಟ್ಟಿದ್ದರೆ ಯಾರೂ ಬಾಯಿಬಿಡುವುದಿಲ್ಲ. ಹೀಗೆ ಅಪಾಯ ಅತಿ ಹೆಚ್ಚಿರುವ ಎರಡು ವಾರಗಳಲ್ಲಿ ಔಷಧಿಯೂ ಇಲ್ಲ, ಮಾಹಿತಿಯೂ ಇಲ್ಲ, ಗೊತ್ತಿರುವ ವೈದ್ಯರೂ ಇಲ್ಲ.

ಚಿತ್ರದುರ್ಗ ಮತ್ತು ಸುತ್ತಲಿನ ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿ ಮಗುವನ್ನೂ ಹಟ್ಟಿಯ ಹೊರಗಿಡುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಗುಡಿಸಲ ಬದಲು ಇರಲೆಂದು ಸರ್ಕಾರ ಕೃಷ್ಣ ಕುಟೀರಗಳನ್ನು ಕಟ್ಟಿಸಿದೆ. ಹಟ್ಟಿಯ ಹೆಣ್ಣುಮಕ್ಕಳೇ ಈ ಪದ್ಧತಿ ಬೇಡವೆಂದು ಎದ್ದ ಕಡೆಗಳೂ ಇವೆ. ಹೊರಗಿಟ್ಟದ್ದರಿಂದ ಸೈಕೋಸಿಸ್ ಬರುತ್ತದೆ ಎಂದು ಹೇಳಲು ಆಧಾರವಿಲ್ಲ. ಆದರೆ ಚಳಿಯಲ್ಲಿ, ಹುಳಹುಪ್ಪಟೆಯ ಹೆದರಿಕೆಯಲ್ಲಿ ಹಸಿ ಬಾಣಂತಿಗೆ ನಿದ್ದೆ ಬರುವುದು ಹೇಗೆ? ನಿದ್ದೆಗೇಡು ಕಾಯಿಲೆಯನ್ನು ಕೆಣಕುತ್ತದೆ ಎಂಬುದು ಗೊತ್ತಿರುವ ಸಂಗತಿ. ಅವಳು ರಾತ್ರಿಯಿಡೀ ಎದ್ದು ಕೂತು ಗೊಣಗುತ್ತಿದ್ದರೆ ಅದನ್ನು ನೋಡುವವರು ಪಕ್ಕದಲ್ಲಿ ಇರಬೇಕಲ್ಲ.

ನಮೂನೆಯಲ್ಲಿರುವ ಒಂದು ಸಾಲು

ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಜೋಳಿಗೆಯಂಥ ತಕ್ಕಡಿಯಲ್ಲಿ ಮಗುವಿನ ತೂಕ ನೋಡುತ್ತಾರೆ, ಥರ್ಮಾಮೀಟರ್ ಇಡುತ್ತಾರೆ, ಎದೆಹಾಲು ಕುಡಿಯುತ್ತಿದೆಯೇ ಎಂದು ಗಮನಿಸುತ್ತಾರೆ. ಮೊದಲ ಮೂರು ಭೇಟಿಗಳು ಬಾಣಂತಿ ಸನ್ನಿ ಶುರುವಾಗುವ ದಿನಗಳಿಗೆ ತಾಳೆಯಾಗುತ್ತವೆ. ಸನ್ನಿ ಹಿಡಿಯಲೆಂದೇ ಒಂದು ಯೋಜನೆ ಮಾಡಿದ್ದರೂ ಇದಕ್ಕಿಂತ ಒಳ್ಳೆಯ ವೇಳಾಪಟ್ಟಿ ಸಿಗುತ್ತಿರಲಿಲ್ಲ.

ಅವರು ತುಂಬುವ ಮನೆಭೇಟಿಯ ನಮೂನೆಯಲ್ಲಿ ತಾಯಿಯ ಬಗ್ಗೆಯೂ ಕೆಲವು ಸಾಲುಗಳಿವೆ. ರಕ್ತಸ್ರಾವ ಎಷ್ಟು, ಜ್ವರ ಇದೆಯೇ, ಕೆಟ್ಟ ವಾಸನೆಯ ಸ್ರಾವ ಇದೆಯೇ ಎಂಬುದರ ಜೊತೆಗೆ, ತಾಯಿ ಅಸಹಜವಾಗಿ ಮಾತಾಡುತ್ತಿದ್ದಾಳೆಯೇ ಅಥವಾ ಫಿಟ್ಸ್ ಬಂದಿದೆಯೇ ಎಂಬ ಪ್ರಶ್ನೆಯೂ ಇದೆ. ಹೌದು ಎಂದಾದರೆ ಆಸ್ಪತ್ರೆಗೆ ಕಳಿಸಬೇಕು. ಪ್ರಶ್ನೆ ಇದೆ ಎಂಬುದೇ ದೊಡ್ಡ ಸಮಾಧಾನ. ಅದರ ಜೊತೆ ಇನ್ನೊಂದೇ ಮಾತು ಸೇರಿಸಿದರೆ ಸಾಕು: ‘ಮಗು ಮಲಗಿದಾಗ ನಿನಗೆ ನಿದ್ದೆ ಬರುತ್ತಾ?’ ಅಸಹಜ ಮಾತು ಕಾಣುವುದಕ್ಕೆ ಒಂದೆರಡು ದಿನ ಮುಂಚೆಯೇ ನಿದ್ದೆ ಹೋಗಿರುತ್ತದೆ.

ಹಳ್ಳಿಯ ಮಟ್ಟದಲ್ಲಿ ತೀವ್ರ ಮಾನಸಿಕ ಕಾಯಿಲೆ ನಿಭಾಯಿಸಲು ಆಗುವುದಿಲ್ಲ ಎಂಬ ಅಳುಕು ಈ ಭಾಗದವರಿಗೆ ಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡದ್ದೇ ಪಕ್ಕದ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗದಿಂದ. ತೀರ್ಥಹಳ್ಳಿ, ತುರುವೇಕೆರೆಯ ಜೊತೆ ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲೂ ನಿಮ್ಹಾನ್ಸ್ ಸಮುದಾಯದ ನಡುವೆಯೇ ಸೈಕೋಸಿಸ್ ರೋಗಿಗಳನ್ನು ಗುರುತಿಸಿ ಚಿಕಿತ್ಸೆ ಕೊಡುವ ಕೆಲಸ ಮಾಡಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ಬಾಣಂತಿ ಸನ್ನಿಗೆ ಮುಂದಿನ ಮಂಗಳವಾರದವರೆಗೆ ಕಾಯಲು ಆಗುವುದಿಲ್ಲ. ಅದೇ ದಿನ ಜಿಲ್ಲಾಸ್ಪತ್ರೆಗೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಕರೆದೊಯ್ಯಬೇಕು.

ಗುಳಿಗೆಯಿಂದ ನಿಂತ ಮುಟ್ಟು

ಇಲ್ಲಿ ಕಾರಣ ಮತ್ತು ಪರಿಣಾಮ ತಿರುವುಮುರುವಾಗುತ್ತವೆ. ರಿಸ್ಪೆರಿಡೋನ್, ಅಮಿಸಲ್ಪ್ರೈಡ್‌ನಂಥ ಗುಳಿಗೆಗಳು ಡೋಪಮೈನ್ ತಡೆಯುವಾಗ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ. ಬಾಣಂತಿಯಲ್ಲಿ ಹಾಲು ಬರಿಸುವ ಹಾರ್ಮೋನು ಅದು. ಏರಿದರೆ ಮುಟ್ಟು ನಿಲ್ಲುತ್ತದೆ, ಮದುವೆಯಾಗದ ಹುಡುಗಿಗೂ ಎದೆಯಲ್ಲಿ ಹಾಲು ಜಿನುಗಬಹುದು. ಮನೆಯವರಿಗೆ ಆಗುವ ಗಾಬರಿ ಊಹಿಸಬಹುದು. ‘ಕೆಟ್ಟ ರಕ್ತ ಒಳಗೇ ನಿಂತು ತಲೆಗೇರಿದೆ’ ಎಂದು ಗುಳಿಗೆ ನಿಲ್ಲಿಸುತ್ತಾರೆ. ಒಂದೆರಡು ತಿಂಗಳಲ್ಲಿ ಮುಟ್ಟು ಮರಳುತ್ತದೆ, ಸ್ವಲ್ಪ ದಿನಕ್ಕೆ ಕಾಯಿಲೆಯೂ ಮರಳುತ್ತದೆ. ಆಗ ‘ಮುಟ್ಟು ಬಂದದ್ದಕ್ಕೇ ಕಾಯಿಲೆ ಬಂತು’ ಎಂಬ ಇನ್ನೊಂದು ತಪ್ಪು ತೀರ್ಮಾನ ಹುಟ್ಟುತ್ತದೆ.

ರಕ್ತ ಒಳಗೆ ನಿಲ್ಲುವುದಿಲ್ಲ, ತಲೆಗೂ ಏರುವುದಿಲ್ಲ. ಆದರೆ ಪ್ರೊಲ್ಯಾಕ್ಟಿನ್ ವರ್ಷಗಟ್ಟಲೆ ಏರಿದ್ದರೆ ಈಸ್ಟ್ರೊಜೆನ್ ತಗ್ಗಿ ಮೂಳೆ ಸವೆಯುತ್ತದೆ, ಮಕ್ಕಳಾಗುವುದು ಕಷ್ಟವಾಗುತ್ತದೆ. ಇದಕ್ಕೆ ದಾರಿ ಇದೆ: ರಕ್ತ ಪರೀಕ್ಷೆ ಮಾಡಿಸಿ, ಪ್ರಮಾಣ ತಗ್ಗಿಸುವುದು ಅಥವಾ ಅರಿಪಿಪ್ರಜೋಲ್, ಕ್ವಿಟಿಯಾಪಿನ್‌ನಂಥ ಬೇರೆ ಗುಳಿಗೆಗೆ ಬದಲಾಯಿಸುವುದು. ಬದಲಾಯಿಸಿದ ಮೇಲೆ ಬಸಿರಾಗುವ ಶಕ್ತಿ ಮರಳುವುದರಿಂದ ಮದುವೆಯಾದವರಿಗೆ ಅದನ್ನು ಮುಂಚೆಯೇ ಹೇಳಬೇಕು. ಮನೋವೈದ್ಯರ ಕೋಣೆಯಲ್ಲಿ ಅಪ್ಪನೋ ಅಣ್ಣನೋ ಪಕ್ಕದಲ್ಲಿ ಕೂತಿರುವಾಗ ಹುಡುಗಿ ಮುಟ್ಟು ನಿಂತದ್ದನ್ನು, ಹಾಲು ಜಿನುಗುವುದನ್ನು ತಾನಾಗಿ ಹೇಳುವುದಿಲ್ಲ. ವೈದ್ಯರೇ, ನರ್ಸಮ್ಮನೇ ಒಂದು ನಿಮಿಷ ಅವಳನ್ನು ಬೇರೆ ಕೂರಿಸಿ ಕೇಳಬೇಕು.

ಮುಟ್ಟು ನಿಲ್ಲುವ ಕಾಲ, ಗರ್ಭಕೋಶದ ಆಪರೇಷನ್

ಬ್ರಿಟನ್ನಿನ 1,28,000ಕ್ಕೂ ಹೆಚ್ಚು ಮಹಿಳೆಯರ ಮಾಹಿತಿ ಹಿಡಿದು 2024ರಲ್ಲಿ ಬಂದ ವಿಶ್ಲೇಷಣೆ ಕುತೂಹಲದ್ದು. ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲಿ ಮೊದಲ ಬಾರಿಗೆ ಉನ್ಮಾದ ಬರುವ ಪ್ರಮಾಣ ಎರಡು ಪಟ್ಟಿಗೂ ಹೆಚ್ಚಾಗಿತ್ತು, ಖಿನ್ನತೆ ಶೇ 30ರಷ್ಟು ಏರಿತ್ತು. ಸ್ಕಿಜೋಫ್ರೀನಿಯಾದಲ್ಲಿ ಮಾತ್ರ ಅಂಥ ಏರಿಕೆ ಕಾಣಲಿಲ್ಲ. ಹೆಫ್ನರ್ ಹೇಳಿದ ಎರಡನೇ ಏರಿಕೆಗೆ ಇದು ಸರಿಹೊಂದುವುದಿಲ್ಲ. ಇನ್ನೊಂದು ಕಡೆ, ಈಗಾಗಲೇ ಸ್ಕಿಜೋಫ್ರೀನಿಯಾ ಇರುವ ಹೆಂಗಸರು 45 ದಾಟಿದ ಮೇಲೆ ಆಸ್ಪತ್ರೆ ಸೇರುವುದು ಹೆಚ್ಚುತ್ತದೆ, ಅದೇ ಗುಳಿಗೆಯ ಬಲ ಕುಂದಿದಂತೆ ಕಾಣುತ್ತದೆ ಎಂದು ಫಿನ್ಲೆಂಡಿನ ದಾಖಲೆಗಳು ಹೇಳಿವೆ. ಎರಡನ್ನೂ ಸೇರಿಸಿ ಓದಿದರೆ, ಮುಟ್ಟು ನಿಲ್ಲುವ ಕಾಲ ಹೊಸ ಸ್ಕಿಜೋಫ್ರೀನಿಯಾ ತರುತ್ತದೆ ಎನ್ನುವುದಕ್ಕಿಂತ, ಇರುವ ಕಾಯಿಲೆಯನ್ನು ಕದಡುತ್ತದೆ ಎನ್ನುವುದಕ್ಕೆ ಬಲ ಹೆಚ್ಚು.

ಗರ್ಭಕೋಶ ತೆಗೆಸಿದರೆ ಮುಟ್ಟು ನಿಲ್ಲುತ್ತದೆ, ಅಂಡಾಶಯ ಉಳಿದಿದ್ದರೆ ಹಾರ್ಮೋನು ನಿಲ್ಲುವುದಿಲ್ಲ. ಅಂಡಾಶಯವನ್ನೂ ತೆಗೆದರೆ ವರ್ಷಗಳಲ್ಲಿ ಆಗಬೇಕಾದ ಇಳಿತ ದಿನಗಳಲ್ಲಿ ಆಗುತ್ತದೆ. ಹಾಗಾಗಿ ‘ಚೀಲ ತೆಗೆಸಿಬಿಡಿ’ ಎಂಬ ಸಲಹೆ ಬಂದಾಗ ಅಂಡಾಶಯ ಉಳಿಯುತ್ತದೆಯೇ ಎಂದು ಕೇಳುವುದು ಮಾನಸಿಕ ಕಾಯಿಲೆಯಿರುವವರ ಮಟ್ಟಿಗೆ ಇನ್ನೂ ಮುಖ್ಯ. ಮುಟ್ಟಿನ ಸಮಯದಲ್ಲಿ ಅವಳನ್ನು ಶುಚಿಯಾಗಿ ನೋಡಿಕೊಳ್ಳುವುದು ಕಷ್ಟ ಎಂಬ ಕಾರಣಕ್ಕೆ ಗರ್ಭಕೋಶ ತೆಗೆಸುವ ಯೋಚನೆ ಕೆಲವು ಮನೆಗಳಲ್ಲಿ ಬರುತ್ತದೆ. ಅದರಿಂದ ಕಾಯಿಲೆ ಗುಣವಾಗುವುದಿಲ್ಲ. ಅವಳ ಒಪ್ಪಿಗೆಯಿಲ್ಲದೆ ಅವಳ ಮೈಗೆ ಕತ್ತಿ ಹಾಕುವ ಹಕ್ಕೂ ಯಾರಿಗೂ ಇಲ್ಲ.

ಹಾರ್ಮೋನ್ ಪಟ್ಟಿ: ಪರ ಮತ್ತು ವಿರೋಧ

ಆಸ್ಟ್ರೇಲಿಯಾದ ಮನೋವೈದ್ಯೆ ಜಯಶ್ರೀ ಕುಲಕರ್ಣಿ ಅವರ ತಂಡ 2008ರಲ್ಲಿ 102, 2015ರಲ್ಲಿ 183 ಮಹಿಳೆಯರ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಮಾಮೂಲಿ ಗುಳಿಗೆಯ ಜೊತೆ ಚರ್ಮಕ್ಕೆ ಈಸ್ಟ್ರೊಜೆನ್ ಪಟ್ಟಿ ಅಂಟಿಸಿದಾಗ ಲಕ್ಷಣಗಳು ಹೆಚ್ಚು ತಗ್ಗಿದವು. 2019ರಲ್ಲಿ ಮಾಲ್ಡೋವಾದಲ್ಲಿ 200 ಮಹಿಳೆಯರೊಂದಿಗೆ ಬೇರೆ ತಂಡ ಮಾಡಿದ ಪ್ರಯೋಗವೂ ಅದನ್ನೇ ಹೇಳಿತು, ಆದರೆ ಲಾಭ ಹೆಚ್ಚಾಗಿ ಕಂಡದ್ದು 38 ದಾಟಿದವರಲ್ಲಿ. ಮುಟ್ಟು ನಿಂತವರಿಗೆ ರಲಾಕ್ಸಿಫೀನ್ ಎಂಬ ಸೋದರ ಔಷಧಿ ಕೊಟ್ಟಾಗ ಕೆಲವು ಕಡೆ ಫಲ ಕಂಡಿತು. 2017ರಲ್ಲಿ ತೀವ್ರ ಕಾಯಿಲೆಯಿದ್ದವರಿಗೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲಿ ಆ ಔಷಧಿ ತೆಗೆದುಕೊಂಡವರಿಗಿಂತ ಔಷಧಿಯಿಲ್ಲದ ಬರಿಗುಳಿಗೆ ನುಂಗಿದವರೇ ಮೇಲಾಗಿದ್ದರು.

ಈ ಪ್ರಯೋಗಗಳೆಲ್ಲ ಕೆಲವು ವಾರ, ಕೆಲವು ತಿಂಗಳುಗಳವು. ಈಸ್ಟ್ರೊಜೆನ್ ಒಂದನ್ನೇ ದೀರ್ಘಕಾಲ ಕೊಟ್ಟರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಪಾಯವಿದೆ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವ ಪ್ರಶ್ನೆಗಳಿವೆ. ಪಟ್ಟಿ ಯಾವ ಪ್ರಯೋಗದಲ್ಲೂ ಮಾಮೂಲಿ ಗುಳಿಗೆಯ ಬದಲಿಯಾಗಿರಲಿಲ್ಲ, ಜೊತೆಗಾರನಾಗಿತ್ತು. ಸುದ್ದಿ ಓದಿ ಗುಳಿಗೆ ಬಿಟ್ಟು ಹಾರ್ಮೋನು ಹುಡುಕಿ ಹೊರಟರೆ ಆಗುವುದು ನಷ್ಟವೇ. ನಲವತ್ತು ದಾಟಿದ, ಗುಳಿಗೆಯಿಂದ ಪೂರ್ತಿ ಹತೋಟಿ ಸಿಗದ ಮಹಿಳೆಯ ವಿಚಾರದಲ್ಲಿ ಮನೋವೈದ್ಯರು ಮತ್ತು ಸ್ತ್ರೀರೋಗ ತಜ್ಞರು ಕೂತು ಮಾತಾಡಬಹುದಾದ ಆಯ್ಕೆ ಅದು.

ಮದುವೆ ಮಾಡಿದರೆ ಸರಿಹೋಗುತ್ತದೆಯೇ

ಇದಕ್ಕೆ ಉತ್ತರ ಮೇಲಿನ ಅಂಕಿಗಳಲ್ಲೇ ಇದೆ. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದರೆ ಗುಳಿಗೆ ನಿಲ್ಲುತ್ತದೆ, ವರ್ಷದೊಳಗೆ ಹೆರಿಗೆ ಬರುತ್ತದೆ, ಅಪಾಯ ಅತಿ ಹೆಚ್ಚಿರುವ ಘಳಿಗೆಗೆ ಹುಡುಗಿಯನ್ನು ಬರಿಗೈಲಿ ದೂಡಿದಂತಾಗುತ್ತದೆ. ಕಾಯಿಲೆಯಿರುವವರು ಮದುವೆಯಾಗಬಾರದು, ತಾಯಿಯಾಗಬಾರದು ಎಂದು ಇದರ ಅರ್ಥವಲ್ಲ. ಯೋಚಿಸಿ, ಹೇಳಿ ಮಾಡಿದರೆ ಆಗುತ್ತದೆ. ಬೈಪೋಲಾರ್‌ಗೆ ಕೊಡುವ ವ್ಯಾಲ್ಪ್ರೋಯೇಟ್ ಗುಳಿಗೆಯಿಂದ ಹತ್ತರಲ್ಲಿ ಒಂದು ಶಿಶುವಿಗೆ ಹುಟ್ಟಿನಿಂದಲೇ ದೋಷ ಬರಬಹುದು; ಹೆರುವ ವಯಸ್ಸಿನವರಿಗೆ ಅದನ್ನು ಬಸಿರಿಗೆ ಮುಂಚೆಯೇ ಬದಲಿಸಬೇಕು. ಯಾವ ಗುಳಿಗೆ ಮುಂದುವರಿಸಬೇಕು, ಹೆರಿಗೆಯ ದಿನವೇ ಯಾವುದನ್ನು ಶುರುಮಾಡಬೇಕು, ರಾತ್ರಿ ಮಗುವಿಗೆ ಎದ್ದು ನೋಡುವವರು ಯಾರು ಎಂಬುದೆಲ್ಲ ಏಳನೇ ತಿಂಗಳೊಳಗೆ ಬರೆದು ತವರಿಗೆ ಹೋಗುವ ಚೀಲದಲ್ಲಿ, ತಾಯಿ ಕಾರ್ಡಿನ ಜೊತೆಗೇ ಇರಬೇಕು.

ಯಾವ ವಾರ್ಡು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು. ಮಗುವಿಗೆ ಅಪಾಯವಿದೆ ಎಂದು ಮನೋವೈದ್ಯರಿಗೆ ಕಂಡು ಬೇರೆ ಮಾಡಲೇಬೇಕಾದರೆ, ಆ ತೀರ್ಮಾನವನ್ನು ಪ್ರತಿ 15 ದಿನಕ್ಕೊಮ್ಮೆ ಮರುಪರಿಶೀಲಿಸಬೇಕು. 30 ದಿನ ಮೀರಿದರೆ ಮಾನಸಿಕ ಆರೋಗ್ಯ ಪ್ರಾಧಿಕಾರದ ಒಪ್ಪಿಗೆ ಬೇಕು.

ನಿಮ್ಹಾನ್ಸ್ 2009ರಲ್ಲೇ ತಾಯಿ ಮಗು ಇಬ್ಬರಿಗೂ ಜಾಗವಿರುವ ಘಟಕ ಶುರುಮಾಡಿತು. ದಾವಣಗೆರೆಯಿಂದ ಅದು 260 ಕಿಲೋಮೀಟರ್ ದೂರ. ಹತ್ತು ದಿನದ ಬಾಣಂತಿ, ನಿದ್ದೆಯಿಲ್ಲದೆ ಚಡಪಡಿಸುವವಳು, ಮಡಿಲಲ್ಲಿ ಹಸುಗೂಸು: ಇವರನ್ನು ಕೂರಿಸಿಕೊಂಡು ರಾತ್ರಿ ಹೊತ್ತು ಹೆದ್ದಾರಿ ಹಿಡಿಯುವ ಸ್ಥಿತಿ ಯಾವ ಕುಟುಂಬಕ್ಕೂ ಬರಬಾರದು. ಹೆರಿಗೆ ವಾರ್ಡಿನವರು ಮಾನಸಿಕ ರೋಗಿ ಎನ್ನಬಹುದು, ಮನೋರೋಗ ವಾರ್ಡಿನವರು ಹಸುಗೂಸು ಎನ್ನಬಹುದು. ಅವರಿಗೆ ಜಾಗ ಎಲ್ಲಿ, ರಾತ್ರಿ ಪಾಳಿಯಲ್ಲಿ ನೋಡುವವರು ಯಾರು, ಮಗುವಿನ ತಜ್ಞರನ್ನು ಕರೆಯುವವರು ಯಾರು ಎಂಬುದನ್ನು ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ದೊಡ್ಡ ಆಸ್ಪತ್ರೆಗಳು ಮೊದಲೇ ಬರೆದಿಟ್ಟುಕೊಳ್ಳಬೇಕು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ: ನರ್ಸುಗಳ ಮೇಜಿನ ಎದುರಿಗೇ ಇರುವ ಒಂದು ಕೋಣೆ, ಬಾಣಂತಿಗೆ ಒಂದು ಮಂಚ, ಜೊತೆಗಿರುವ ಅಮ್ಮನಿಗೋ ಅತ್ತೆಗೋ ಇನ್ನೊಂದು ಮಂಚ, ಮಗುವಿಗೆ ಒಂದು ತೊಟ್ಟಿಲು.